ಮನೆಯಿಡೀ ಸ್ಪೀಕರ್ ಹಾಕಿಸುವವರು ಆಂಪ್ಲಿಫೈಯರ್ ವಿಷಯದಲ್ಲಿ ಎಚ್ಚರದಿಂದಿರಿ

ಕೋಣೆಗೊಂದು ಜೊತೆ ಸ್ಪೀಕರ್‌ಗಳನ್ನು ಫಾಲ್ಸ್ ಸೀಲಿಂಗ್‌ನಲ್ಲಿ ಕೂರಿಸಿ, ಎಲ್ಲವನ್ನೂ ಒಂದೇ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಜೋಡಿಸಿಕೊಡುತ್ತೇವೆ ಎನ್ನುವ ಗುತ್ತಿಗೆದಾರರ ಮಾತನ್ನು ದಯವಿಟ್ಟು ಹಾಗೆಯೇ ಒಪ್ಪಿಕೊಳ್ಳಬೇಡಿ. ಮೈಸೂರಿನ ನಮ್ಮ ಮನೆಯಲ್ಲಿ ಅಂಥ ಜೋಡಣೆಯಿಂದ ಆಂಪ್ಲಿಫೈಯರ್ ಸುಟ್ಟಿತು. ಆ ಜೋಡಣೆಯನ್ನು ಸರಿಪಡಿಸಲು ಹೊಸ ಸೀಲಿಂಗನ್ನೇ ಕೊರೆಯಬೇಕಾಯಿತು.

ನಮಗೆ ತೋರಿಸಿದ್ದು ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಯನ್ನು ಮಾತ್ರ. ನಾಲ್ಕು ಕೋಣೆಗಳಿಗೆ 8 ಓಮ್‌ನ (ಓಮ್ ಎಂದರೆ ಕರೆಂಟ್ ಹರಿವಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಎಂಟು ಸ್ಪೀಕರ್‌ಗಳನ್ನು ಹಾಕಿ, ಆಂಪ್ಲಿಫೈಯರ್‌ನ ಎಡ, ಬಲ ಎಂಬ ಎರಡು ಔಟ್‌ಪುಟ್‌ಗಳಲ್ಲಿ, ಅಂದರೆ ಒಂದೊಂದು ಚಾನೆಲ್‌ಗೆ, ನಾಲ್ಕು ಸ್ಪೀಕರ್‌ಗಳನ್ನು ಸಮಾಂತರವಾಗಿ (ಎಲ್ಲವನ್ನೂ ಒಂದೇ ಜೋಡಿ ವೈರಿಗೆ) ಸೇರಿಸಿದ್ದರು. ಹೀಗೆ ಸೇರಿಸಿದರೆ ಓಮ್ ಕೂಡುವುದಿಲ್ಲ, ಇಳಿಯುತ್ತದೆ: ಎರಡು ಸ್ಪೀಕರ್‌ಗೆ 4 ಓಮ್, ನಾಲ್ಕಕ್ಕೆ ಬರೀ 2 ಓಮ್. ಯಂತ್ರದ ಹಿಂಬದಿಯಲ್ಲಿ, ಸ್ಪೀಕರ್ ಟರ್ಮಿನಲ್‌ಗಳ ಪಕ್ಕದಲ್ಲೇ, 4 ಓಮ್‌ಗಿಂತ ಕಡಿಮೆ ಇರಬಾರದೆಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಓಮ್ ಅರ್ಧಕ್ಕಿಳಿದರೆ ಅದೇ ವಾಲ್ಯೂಮ್‌ಗೆ ಯಂತ್ರ ಎರಡು ಪಟ್ಟು ಕರೆಂಟ್ ಕೊಡಬೇಕಾಗುತ್ತದೆ, ಅದರ ಬಿಸಿಯೆಲ್ಲ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮೇಲೆ ಬೀಳುತ್ತದೆ.

ಮೆಲ್ಲಗೆ ಹಾಡು ಹಾಕಿದಾಗ ಏನೂ ತೊಂದರೆ ಕಾಣದ ಕಾರಣ ಕೆಲಸ ಒಪ್ಪಿಸುವ ದಿನ ಎಲ್ಲವೂ ಸೊಗಸಾಗಿಯೇ ಇತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ಧ್ವನಿ ಸ್ವಲ್ಪ ಹೆಚ್ಚಿಸಿದಾಗ, ಮುಚ್ಚಿದ ಟಿವಿ ಕ್ಯಾಬಿನೆಟ್ಟಿನೊಳಗಿದ್ದ ಯಂತ್ರ ಕಾದು, ಪ್ರೊಟೆಕ್ಷನ್ ದೀಪ ಹೊತ್ತಿ ತಾನೇ ನಿಂತಿತು. ಗುತ್ತಿಗೆದಾರರು ವೋಲ್ಟೇಜ್ ಏರಿಳಿತವೇ ಕಾರಣವೆಂದು ಹೇಳಿ ಒಂದು ಸ್ಟೆಬಿಲೈಜರ್ ಕೂಡ ಮಾರಿದರು. ಕೆಲವೇ ವಾರಗಳಲ್ಲಿ ಬಲಗಡೆಯ ಚಾನೆಲ್ ಪೂರ್ತಿ ಸತ್ತುಹೋಯಿತು. ರಿಪೇರಿಯವರು ಮುಚ್ಚಳ ತೆಗೆದಾಗ ಟ್ರಾನ್ಸಿಸ್ಟರ್‌ಗಳ ಸುತ್ತ ಬೋರ್ಡ್ ಕಂದುಗಟ್ಟಿತ್ತು. ಸೀಲಿಂಗ್‌ನೊಳಗೆ ನಾಲ್ಕು ವೈರುಗಳನ್ನು ಕೈಯಲ್ಲೇ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಲಾಗಿತ್ತು. ಗ್ರಾಹಕರಿಗೆ ಕಾಣದ ಜಾಗವೆಂದು ಹೀಗೆ ಮಾಡುವುದು ನನ್ನ ದೃಷ್ಟಿಯಲ್ಲಿ ಬರೀ ಅಜಾಗ್ರತೆಯಲ್ಲ, ಮೋಸ.

ಹಾಗಾಗಿ ವ್ಯಾಟ್‌ಗಿಂತ ಮೊದಲು ಒಂದು ಚಾನೆಲ್‌ಗೆ ಎಷ್ಟು ಓಮ್ ಹೊರೆ ಬೀಳುತ್ತದೆ ಎಂದು ಕೇಳಿ. ವ್ಯಾಟ್ ನೋಡುವಾಗ ಕ್ಷಣಮಾತ್ರದ ಗರಿಷ್ಠವನ್ನು ಹಿಗ್ಗಿಸಿ ಹೇಳುವ ಪಿಎಂಪಿಒ ಎಂಬ ಸಂಖ್ಯೆಯನ್ನು ಬದಿಗಿಟ್ಟು, ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅನ್ನು ಮಾತ್ರ ನಂಬಿ. ಗೋಡೆಯಿಂದ 80 ವ್ಯಾಟ್ ಎಳೆಯುವ ಯಂತ್ರ ಸತತವಾಗಿ 500 ವ್ಯಾಟ್ ಹೊರಗೆ ಕೊಡಲಾರದು. ಸಾಧಾರಣ ಕೋಣೆಯಲ್ಲಿ ಹಿನ್ನೆಲೆಗೆ ಹಾಡು ಕೇಳಲು ಸ್ಪೀಕರ್‌ಗೆ 20–30 ವ್ಯಾಟ್ ಧಾರಾಳವಾಯಿತು.

ನಾಲ್ಕು ಕೋಣೆಗಳಿಗೆ ಎಂಟು ಚಾನೆಲ್‌ನ ಆಂಪ್ಲಿಫೈಯರ್ ಕೊಂಡರೆ ಪ್ರತಿ ಸ್ಪೀಕರ್‌ಗೂ ತನ್ನದೇ ಚಾನೆಲ್ ಸಿಗುತ್ತದೆ. ಈಗ ನಮ್ಮಲ್ಲಿರುವುದು ಅದೇ. ದೊಡ್ಡ ಮನೆ, ಉದ್ದದ ವೈರ್ ಇದ್ದವರು ಹೆಚ್ಚಿನ ವೋಲ್ಟೇಜ್‌, ಕಡಿಮೆ ಕರೆಂಟಿನಲ್ಲಿ ದೂರದ ಸ್ಪೀಕರ್‌ಗಳಿಗೆ ಧ್ವನಿ ಕಳಿಸುವ 100 ವೋಲ್ಟ್ ಲೈನ್ ಪದ್ಧತಿಯನ್ನೂ ಪರಿಶೀಲಿಸಬಹುದು, ಆದರೆ ಅದಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಸ್ಪೀಕರ್‌ಗಳೇ ಬೇಕು. ಸ್ಟೀರಿಯೊ ಯಂತ್ರದಲ್ಲೇ ಒಂದು ಚಾನೆಲ್‌ನ ನಾಲ್ಕು ಸ್ಪೀಕರ್‌ಗಳಲ್ಲಿ ಎರಡೆರಡನ್ನು ಸರಣಿಯಲ್ಲಿ (ಒಂದರ ಹಿಂದೊಂದಾಗಿ) ಜೋಡಿಸಿ, ಆ ಎರಡು ಸರಣಿಗಳನ್ನು ಸಮಾಂತರವಾಗಿ ಸೇರಿಸಿದರೆ 8 ಓಮ್ ಬರುವುದು ನಿಜವಾದರೂ ಒಂದು ಕೋಣೆಯ ಸ್ಪೀಕರನ್ನು ಕಳಚಿದರೆ ಅದೇ ಸರಣಿಯ ಇನ್ನೊಂದೂ ನಿಲ್ಲುತ್ತದೆ.

ಯಾವುದನ್ನು ಆರಿಸಿದರೂ ಸೀಲಿಂಗ್ ಮುಚ್ಚುವ ಮೊದಲೇ ಪ್ರತಿ ಸ್ಪೀಕರ್‌ನಿಂದ ಯಂತ್ರವಿರುವ ಜಾಗದವರೆಗೆ ಬೇರೆ ಬೇರೆ ತಾಮ್ರದ ವೈರ್ ಎಳೆಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಚಾನೆಲ್‌ವಾರು ಓಮ್ ಲೆಕ್ಕವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ; ಬರೆದುಕೊಡಲು ಹಿಂಜರಿಯುವವರಿಗೆ ಮುಂಗಡ ಕೊಡಬೇಡಿ.