ಆರು ವಿಷಯ, ಒಂದೇ ಬಾಯಿಪಾಠ: ನವನಗರದ ಒಂದು ಟ್ಯೂಷನ್

ಮಗಳು ಹತ್ತನೇ ತರಗತಿ. ಜೂನ್‌ನಿಂದ ಬಾಗಲಕೋಟೆ ನವನಗರದ ಒಂದು ಟ್ಯೂಷನ್‌ಗೆ ಹೋಗುತ್ತಿದ್ದಾಳೆ. ಆರು ತಿಂಗಳಾಯಿತು, ಬರೆಯುವಷ್ಟು ನೋಡಿದ್ದೇನೆ. ಹೆಸರು ಹಾಕುವುದಿಲ್ಲ, ಪರೀಕ್ಷೆ ಮುಗಿಯುವವರೆಗೆ ಹುಡುಗಿ ಅಲ್ಲೇ ಕೂಡಬೇಕು. ಹಾಕಿದರೂ ನಿಮಗೆ ಹೆಚ್ಚು ಉಪಯೋಗವಿಲ್ಲ, ಇಂಥವು ಸೆಕ್ಟರಿಗೊಂದು ಇವೆ.

ಮೊದಲು ರೊಕ್ಕದ ಮಾತು. ವರ್ಷಕ್ಕೆ 14,000 ರೂಪಾಯಿ, ಎರಡು ಕಂತು. ನೋಟ್ಸಿಗೆ ಬೇರೆ 900. ಸಂಜೆ 5.30ರಿಂದ 8, ರವಿವಾರ ಬೆಳಿಗ್ಗೆ ಟೆಸ್ಟ್. ಒಂದೇ ಹಾಲ್‌ನಲ್ಲಿ 46 ಮಕ್ಕಳು. ಕರೆಂಟ್ ಹೋದರೆ ಇನ್ವರ್ಟರ್ ಇದೆ, ಕುಡಿಯುವ ನೀರಿದೆ. ಶೌಚಾಲಯ ಮಾತ್ರ ಒಂದೇ. ಹುಡುಗಿಯರಿಗೆ ಬೇರೆ ಮಾಡಿ ಎಂದು ಎರಡು ಸಲ ಹೇಳಿದ್ದೇನೆ, ಎರಡು ಸಲವೂ ‘ಆಗ್ಲಿ ಸರ’ ಅಂದಿದ್ದಾರೆ. ಮಗು ಬರದಿದ್ದರೆ ಹತ್ತು ನಿಮಿಷದಲ್ಲಿ ಮನೆಗೆ ಫೋನ್ ಬರುತ್ತದೆ. ಅದು ಚಲೋ.

ಈಗ ಪಾಠ. ಇದರ ಬಗ್ಗೆ ಮಾತಾಡಲು ನಿನಗೇನು ಹಕ್ಕು ಎಂದು ಕೇಳುವವರಿಗೆ: ನಾನು 1996ರಲ್ಲಿ ಟಿಸಿಎಚ್, ಅಂದರೆ ಪ್ರಾಥಮಿಕ ಶಾಲೆ ಶಿಕ್ಷಕರ ತರಬೇತಿ, ಮುಗಿಸಿದವ. ನೌಕರಿ ಬರಲಿಲ್ಲ, ಜೆರಾಕ್ಸ್ ಅಂಗಡಿ ಇಟ್ಟೆ. ಬಿ.ಇಡಿ. ಹುಡುಗರು ಈಗಲೂ ನನ್ನ ಹತ್ತಿರವೇ ನೋಟ್ಸ್ ತರುತ್ತಾರೆ. ‘ಗಣಿತ ಬೋಧನೆಯ ಗುರಿ ಮತ್ತು ಉದ್ದೇಶಗಳು’, ‘ಸಮಾಜ ವಿಜ್ಞಾನ ಬೋಧನೆಯ ಗುರಿ ಮತ್ತು ಉದ್ದೇಶಗಳು’, ಹೀಗೆ ಒಂದೊಂದು ವಿಷಯಕ್ಕೂ ನಾಲ್ಕು ನಾಲ್ಕು ಪುಟ. ಪ್ರತಿ ವರ್ಷ ಅವೇ ಪುಟ, ಅದೇ ಮಸುಕು. ನಮ್ಮ ಕಾಲದ ಪಾಠಯೋಜನೆಯಲ್ಲೂ ಒಂದು ಕಾಲಂ ಇರುತ್ತಿತ್ತು: ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ. ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ 1956ರಲ್ಲಿ ಕಟ್ಟಿದ ಕಲಿಕೆಯ ಏಣಿಯ ಇಳಿದು ಬಂದ ರೂಪ ಅದು. ಆ ಏಣಿಯಲ್ಲಿ ನೆನಪಿಟ್ಟು ಒಪ್ಪಿಸುವುದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಈ ಟ್ಯೂಷನ್ನಿನವರು ಆ ಮೆಟ್ಟಿಲ ಮೇಲೆ ಚಾಪೆ ಹಾಸಿ ಕೂತಿದ್ದಾರೆ.

ಗಣಿತ ನೋಡಿ. ಥೇಲ್ಸ್ ಪ್ರಮೇಯ (ತ್ರಿಭುಜದ ಒಂದು ಬಾಹುವಿಗೆ ಸಮಾಂತರ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎನ್ನುವುದು), ಸಾಧನೆ ಸಮೇತ, ಮಗಳಿಗೆ ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದೆ. ತ್ರಿಭುಜ ಎಬಿಸಿ, ಡಿಇ ಸಮಾಂತರ ಬಿಸಿ, ಲಂಬ ಎಳೆ, ವಿಸ್ತೀರ್ಣ ಹೋಲಿಸು. ಒಂದು ರಾತ್ರಿ ಅಂಗಡಿಯ ಹಾಳಾದ ಹಾಳೆಯ ಹಿಂದೆ ಅದೇ ಚಿತ್ರ ಬಿಡಿಸಿ, ಅಕ್ಷರ ಮಾತ್ರ ಪಿಕ್ಯೂಆರ್ ಮಾಡಿದೆ, ಒಳಗಿನ ಗೆರೆಗೆ ಎಸ್‌ಟಿ ಅಂತಿಟ್ಟೆ. ಹುಡುಗಿ ಐದು ನಿಮಿಷ ಪೆನ್ ಕಚ್ಚಿಕೊಂಡು ಕೂತು, ಕಡೆಗೆ ‘ಡಿಇ ಸಮಾಂತರ ಬಿಸಿ’ ಎಂದೇ ಬರೆದಳು. ಚಿತ್ರದಲ್ಲಿ ಡಿ ಇಲ್ಲ, ಇ ಇಲ್ಲ. ಕೇಳಿದರೆ, ‘ಅಪ್ಪಾ, ನೋಟ್ಸ್‌ನ್ಯಾಗ ಹಂಗ ಐತಿ’.

ಮರುದಿನ ಹೋಗಿ ಸರ್‌ಗೆ ತೋರಿಸಿದೆ. ‘ಎಬಿಸಿನ ಬರ್ತದ್ರೀ, ನೀವ್ಯಾಕ ಚಿಂತಿ ಮಾಡ್ತೀರಿ’ ಅಂದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದಾಗ ಗಣಿತದ ಮುಖ್ಯ ಗುರಿ ಮಗು ಯೋಚಿಸುವ ರೀತಿಯನ್ನೇ ಗಣಿತದ ದಾರಿಗೆ ಹಚ್ಚುವುದು ಅಂತಿತ್ತು. ಅದನ್ನೂ ನಾನೇ ಜೆರಾಕ್ಸ್ ಮಾಡಿದ್ದೆ. ಕೂಡಿ ಕಳೆಯುವುದಷ್ಟೇ ಗಣಿತವಾದರೆ ನನ್ನ ಗಲ್ಲಾದ ಮೇಲಿನ ಕ್ಯಾಲ್ಕುಲೇಟರ್ ಸಾಕು, 14,000 ಯಾಕೆ ಬೇಕು? ‘ಇದು ಯಾಕೆ ಹೀಗೆ’ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಲು ಬರಲಿ ಅಂತ ತಾನೇ ಪ್ರಮೇಯ ಕಲಿಸುವುದು.

ಸಮಾಜ ವಿಜ್ಞಾನದ್ದು ನನಗೆ ಹೆಚ್ಚು ನೋವಾದ ಸಂಗತಿ. ‘ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳ ಉದ್ದೇಶಗಳನ್ನು ತಿಳಿಸಿ’ ಎಂಬ ಪ್ರಶ್ನೆಗೆ ಮಗಳು ಜೋರಾಗಿ ಓದಿಕೊಳ್ಳುತ್ತಿದ್ದಳು: ನೀರಾವರಿ, ಜಲವಿದ್ಯುತ್, ಪ್ರವಾಹ ನಿಯಂತ್ರಣ, ಕುಡಿಯುವ ನೀರು, ಮೀನುಗಾರಿಕೆ. ಉದಾಹರಣೆಗೆ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟು, 290 ಮೆಗಾವ್ಯಾಟ್. ಪಕ್ಕದಲ್ಲಿ ನಮ್ಮವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಮ್ಮ ಮನೆ ಹಳೇ ಊರಿನಲ್ಲಿ, ಘಟಪ್ರಭೆಯ ಕಡೆಯ ಓಣಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ತಲೆಬಾಗಿಲಿನ ಚೌಕಟ್ಟು ಕಿತ್ತು ತಂದು ನವನಗರದ ಮನೆಗೆ ಕೂಡಿಸಿದ್ದೇವೆ, ಗೋಡೆಗಿಂತ ಒಂದು ಗೇಣು ಗಿಡ್ಡ, ಇವತ್ತಿಗೂ ಬಂದವರು ತಲೆ ಬಡಿಸಿಕೊಳ್ಳುತ್ತಾರೆ.

ಅವ್ವ ಕೇಳಿದಳು, ‘ಏನ್ ಬಂತು ಅಂತ ಅಷ್ಟ ಕೇಳ್ತಾರೇನ? ಏನ್ ಹೋತು ಅಂತ ಕೇಳಂಗಿಲ್ಲ?’

‘ಆಯಿ, ಅದು ಇಂಪಾರ್ಟೆಂಟ್ ಇಲ್ಲಂತ,’ ಅಂದಳು ಮಗಳು.

ಅವ್ವ ಮತ್ತೆ ಮಾತಾಡಲಿಲ್ಲ. ಅವರೆಕಾಯಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಟ್ಯೂಷನ್ ನಡೆಯುವ ಜಾಗವೇ ಮುಳುಗಿದವರಿಗಾಗಿ ಕಟ್ಟಿದ ಊರು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್‌ಗೆ, ಅದನ್ನು 524.256ಕ್ಕೆ ಏರಿಸಲು ರಾಜ್ಯಗಳಿಗೆ ನದಿ ನೀರು ಹಂಚುವ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿಸಿದರೆ ಇನ್ನೂ ಊರುಗಳು ಏಳಬೇಕು. ಆ 46 ಮಕ್ಕಳಲ್ಲಿ ಕೆಲವರ ಮನೆ, ಹೊಲ ಆ ಗೆರೆಯೊಳಗೆ ಇರಬಹುದು. ನಿಮ್ಮ ಮನೆಯಲ್ಲಿ ಯಾರ ಹೊಲ ಹೋಯಿತು, ಪರಿಹಾರ ಎಷ್ಟು ಬಂತು, ಕೇಳಿಕೊಂಡು ಬನ್ನಿ ಎಂದರೆ ಒಂದು ಸಂಜೆ ಸಾಲದು. ನೀರಾವರಿ ಸುಳ್ಳು ಅನ್ನುತ್ತಿಲ್ಲ, ನಮ್ಮ ಮಾವನವರು ಕಾಲುವೆ ನೀರಿನಿಂದಲೇ ಕಬ್ಬು ಬೆಳೆಯುತ್ತಾರೆ. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡುವುದಕ್ಕೇ ಅಲ್ಲವೇ ಈ ವಿಷಯ ಇರುವುದು?

ಇಷ್ಟು ಬೈದ ಮೇಲೆ ವಿಜ್ಞಾನದ ಮಿಸ್ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. ಆಮ್ಲ, ಪ್ರತ್ಯಾಮ್ಲ ಪಾಠದ ದಿನ ಅವರು ಮನೆಯಿಂದ ಅರಿಶಿನ, ಸುಣ್ಣ, ನಿಂಬೆಹಣ್ಣು ತಂದಿದ್ದರಂತೆ. ಅರಿಶಿನದ ನೀರಿಗೆ ಸುಣ್ಣ ಬಿದ್ದ ತಕ್ಷಣ ಕೆಂಪು, ಮೇಲೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ‘ನಿಮ್ಮನ್ಯಾಗ ಇದನ್ನ ಎಲ್ಲಿ ನೋಡೀರಿ?’ ಅಂತ ಕೇಳಿ, ಉತ್ತರ ಹೇಳದೆ ಮನೆಗೆ ಕಳಿಸಿದ್ದಾರೆ. ಮಗಳು ಬಂದವಳೇ ಅವ್ವನನ್ನು ಕೇಳಿದಳು. ‘ಆರತಿ ನೀರಲ್ಲೇನ, ಹುಚ್ಚಿ’ ಅಂದಳು ಅವ್ವ. ಅವತ್ತು ರಾತ್ರಿ ಅಡುಗೆಮನೆಯಲ್ಲಿ ಒಂಬತ್ತು ಬಟ್ಟಲು. ಬಟ್ಟೆ ಸೋಪಿನ ನೀರು ಕೆಂಪಾಯಿತು, ಮಜ್ಜಿಗೆ ಹಳದಿಯೇ ಉಳಿಯಿತು. ಬೋರಿನ ನೀರಿಗೆ ಏನಾಗುತ್ತದೆ ಎಂದು ಮೊದಲೇ ಊಹೆ ಬರೆದಿಟ್ಟು ಆಮೇಲೆ ಹಾಕಿದಳು. ಊಹೆ ತಪ್ಪಿತು, ಕುಣಿದಾಡಿದಳು. ತಪ್ಪಿದ್ದಕ್ಕೆ ಕುಣಿದ ಮಗಳನ್ನು ನಾನು ಅವತ್ತೇ ಮೊದಲು ನೋಡಿದ್ದು. ಅರಿಶಿನದ ಕಲೆ ಕಟ್ಟೆಯ ಮೇಲೆ ಇನ್ನೂ ಇದೆ, ಹೆಂಡತಿ ದಿನಾ ನನ್ನನ್ನೇ ಬೈಯುತ್ತಾಳೆ.

ಕನ್ನಡ 125 ಅಂಕದ ಪತ್ರಿಕೆ, ಹತ್ತನೇ ತರಗತಿಯ ಒಟ್ಟು 625 ಅಂಕದಲ್ಲಿ ಅದೇ ದೊಡ್ಡ ಪಾಲು. ಇಲ್ಲಿ ಪ್ರಬಂಧಗಳೂ ಸಿದ್ಧ, ಪತ್ರಗಳೂ ಸಿದ್ಧ. ‘ತೀರ್ಥರೂಪು ತಂದೆಯವರಿಗೆ, ನಿಮ್ಮ ಮಗಳು ಬೇಡುವ ಆಶೀರ್ವಾದಗಳು’ ಎಂದು ಶುರುವಾಗಿ ಪ್ರವಾಸಕ್ಕೆ ಹಣ ಕೇಳುವ ಪತ್ರ 46 ನೋಟ್‌ಬುಕ್‌ನಲ್ಲೂ ಅಲ್ಪವಿರಾಮ ಸಮೇತ ಒಂದೇ. ಅಂಗಡಿಗೆ ದಿನಾ ಒಬ್ಬರಾದರೂ ಬರುತ್ತಾರೆ, ಹತ್ತನೇತ್ತ ಪಾಸಾದವರೇ, ಕೆಲವರು ಡಿಗ್ರಿಯವರು: ‘ಅಣ್ಣಾರ, ವಿಳಾಸ ತಿದ್ದಾಕ ಒಂದು ಅರ್ಜಿ ಬರದ ಕೊಡ್ರೀ’. ಕನ್ನಡದಲ್ಲಿ ಒಳ್ಳೆಯ ಅಂಕ ಪಡೆದವರು. ತಮ್ಮದೇ ತೊಂದರೆಯನ್ನು ನಾಲ್ಕು ಸಾಲಲ್ಲಿ ಬರೆಯಲು ಬರುವುದಿಲ್ಲ. ನನಗೆ 20 ರೂಪಾಯಿ ಸಿಗುತ್ತದೆ, ದೂರುವಂತಿಲ್ಲ.

ಇಂಗ್ಲಿಷ್, ಹಿಂದಿ ಎರಡೂ ಬರೀ ಬರಹ. ಆರು ತಿಂಗಳಲ್ಲಿ ಒಂದು ವಾಕ್ಯ ಬಾಯಿಬಿಟ್ಟು ಮಾತಾಡಿಸಿಲ್ಲ.

ಐದಕ್ಕೆ ಎರಡೂವರೆ ಕೊಡುತ್ತೇನೆ, ಅದರಲ್ಲಿ ಒಂದೂವರೆ ಮಿಸ್‌ದು. ನಿಮ್ಮ ಮಗು ಪಾಸಾಗುವುದೋ ಇಲ್ಲವೋ ಎಂಬ ಗಡಿಯಲ್ಲಿದ್ದರೆ ಕಣ್ಣುಮುಚ್ಚಿ ಸೇರಿಸಿ, ದಾಟಿಸುತ್ತಾರೆ. ಮಾತುಮಾತಿಗೆ ‘ಯಾಕ’ ಅನ್ನುವ ಮಗುವಾದರೆ ವಿಜ್ಞಾನ ಒಂದಕ್ಕೇ ಹಾಕಿ. ಅದಕ್ಕೆ 4,000. ಬೋರ್ಡಿನ ಮೇಲೆ ಬರೆದಿಲ್ಲ, ಕೇಳಿದರೆ ಮೊದಲು ಇಲ್ಲ ಅನ್ನುತ್ತಾರೆ, ಎದ್ದು ಹೊರಟರೆ ಕರೆಯುತ್ತಾರೆ. ನಾನು ಎರಡನೇ ಕಂತು ಕಟ್ಟಿದ ಮೇಲೆ ಗೊತ್ತಾಯಿತು.