ಕಾರಿಡಾರ್ ನಕ್ಷೆಯ ಸಂಕೇತಗಳಿಗೆ ಯಾವ ಸಾಫ್ಟ್‌ವೇರ್: ಆಟೋಕ್ಯಾಡ್, ಮೈಕ್ರೋಸ್ಟೇಷನ್, ಕ್ಯೂಜಿಐಎಸ್

ಪುಣೆ, ಮುಂಬೈಗಳಲ್ಲಿ ರಸ್ತೆ, ಮೆಟ್ರೊ, ಪೈಪ್‌ಲೈನ್‌ಗಳ ಕಾರಿಡಾರ್ (ಉದ್ದನೆಯ ಪಟ್ಟಿ) ಸರ್ವೆ ಮಾಡುವ ಕನ್ನಡಿಗರು ಮೊದಲು ನೋಡಬೇಕಾದದ್ದು ಗ್ರಾಹಕರು ಕೇಳುವ ಫೈಲ್ ಯಾವುದು ಎಂಬುದನ್ನು. ಡಿಡಬ್ಲ್ಯೂಜಿ ಕೇಳಿದರೆ ಆಟೋಕ್ಯಾಡ್, ಡಿಜಿಎನ್ ಕೇಳಿದರೆ ಮೈಕ್ರೋಸ್ಟೇಷನ್. ಪರಿವರ್ತಿಸಿ ಕೊಡುತ್ತೇವೆಂದು ಹೊರಟರೆ ಲೈನ್‌ಸ್ಟೈಲ್ (ಗೆರೆಯ ಶೈಲಿ), ಫಾಂಟ್‌ಗಳು ಕೆಡಬಹುದು.

ಆಟೋಕ್ಯಾಡ್‌ನಲ್ಲಿ ಸಂಕೇತವೆಂದರೆ ಬ್ಲಾಕ್, ಅಂದರೆ ಒಮ್ಮೆ ಬರೆದು ಹೆಸರಿಟ್ಟು ಮತ್ತೆ ಮತ್ತೆ ಇಡುವ ಚಿತ್ರ. ಹೆಚ್ಚು ತಪ್ಪಾಗುವುದು ಯೂನಿಟ್‌ನಲ್ಲಿ. ಮಿಲಿಮೀಟರ್‌ನಲ್ಲಿ ಬರೆದ 600 ಮಿ.ಮೀ. ಮ್ಯಾನ್‌ಹೋಲ್ ಬ್ಲಾಕನ್ನು ಮೀಟರ್ ನಕ್ಷೆಗೆ ತಂದಾಗ ಯೂನಿಟ್ ಸೂಚಿಸುವ ಇನ್‌ಸ್‌ಯುನಿಟ್ಸ್ (INSUNITS) ಸೆಟ್ಟಿಂಗ್ 0, ಅಂದರೆ ಯೂನಿಟ್ ಇಲ್ಲ ಎಂದು ಇದ್ದರೆ, ಅದು 600 ಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಈ ಸೆಟ್ಟಿಂಗನ್ನು ಬ್ಲಾಕ್ ಫೈಲ್‌ನಲ್ಲಿ 4 (ಮಿಲಿಮೀಟರ್), ನಕ್ಷೆಯಲ್ಲಿ 6 (ಮೀಟರ್) ಇಡಿ. ಇನ್ನೊಂದು ತೊಡಕು: ಅದೇ ಹೆಸರಿನ ಹಳೆಯ ಬ್ಲಾಕ್ ನಕ್ಷೆಯಲ್ಲಿದ್ದರೆ, ಬೇರೆ ನಕ್ಷೆಯಿಂದ ಪೇಸ್ಟ್ ಮಾಡಿದ ಹೊಸದು ಹಳೆಯ ರೂಪದಲ್ಲೇ ಬರುತ್ತದೆ. ಬ್ಲಾಕಿಗೆ ಹೊಸ ಆಟ್ರಿಬ್ಯೂಟ್ (ಬ್ಲಾಕಿನ ಜೊತೆ ಬರುವ ಅಕ್ಷರ ಮಾಹಿತಿ) ಸೇರಿಸಿದ ಮೇಲೆ, ಈಗಾಗಲೇ ಇಟ್ಟ ಬ್ಲಾಕ್‌ಗಳಿಗೂ ಅದು ಬರಲು ಆಟ್‌ಸಿಂಕ್ (ATTSYNC) ಆಜ್ಞೆ ಓಡಿಸಿ. ಆಗ ಕೈಯಿಂದ ಸರಿಸಿಟ್ಟ ಅಕ್ಷರಗಳು ಮೂಲ ಜಾಗಕ್ಕೆ ಮರಳುತ್ತವೆ, ಎಚ್ಚರ. ಸಾವಿರಾರು ಸರ್ವೆ ಬಿಂದುಗಳಿದ್ದರೆ ಆಟೋಕ್ಯಾಡ್ ಆಧಾರಿತ ಸಿವಿಲ್ 3ಡಿಯ ಡಿಸ್ಕ್ರಿಪ್ಷನ್ ಕೀ ನಿಜಕ್ಕೂ ವರ: ಫೀಲ್ಡ್ ಕೋಡ್ (ಸರ್ವೆಯಲ್ಲಿ ಬಿಂದುವಿಗೆ ಕೊಟ್ಟ ಸಂಕ್ಷೇಪ) ನೋಡಿ ಸಂಕೇತ, ಲೇಯರ್ ಎರಡನ್ನೂ ತಾನೇ ಹಾಕುತ್ತದೆ.

ಮೈಕ್ರೋಸ್ಟೇಷನ್‌ನಲ್ಲಿ ಸಂಕೇತವೆಂದರೆ ಸೆಲ್. ಸೆಲ್ ಲೈಬ್ರರಿ ಒಂದೇ ಫೈಲ್; ಸರ್ವರ್‌ನಲ್ಲಿಟ್ಟರೆ ತಂಡಕ್ಕೆಲ್ಲ ಒಂದೇ ಮೂಲ. ಆದರೆ ಲೈಬ್ರರಿ ತಿದ್ದಿದ ಮಾತ್ರಕ್ಕೆ ಈಗಾಗಲೇ ಇಟ್ಟ ಸೆಲ್‌ಗಳು ಬದಲಾಗವು, ರಿಪ್ಲೇಸ್ ಸೆಲ್ಸ್ ಎಂಬ ಸಾಧನ ಬಳಸಲೇಬೇಕು.

ಕ್ಯೂಜಿಐಎಸ್ ಉಚಿತ. ಸಂಕೇತದ ಗಾತ್ರವನ್ನು ಮಿಲಿಮೀಟರ್‌ನಲ್ಲಿ, ಉದಾಹರಣೆಗೆ 2 ಮಿ.ಮೀ. ಎಂದು ಇಟ್ಟರೆ 1:500, 1:1000 ಎರಡೂ ಸ್ಕೇಲ್‌ಗಳಲ್ಲಿ ಕಾಗದದ ಮೇಲೆ 2 ಮಿ.ಮೀ. ಆಗಿಯೇ ಉಳಿಯುತ್ತದೆ. ಕಂಬದ ಸಂಕೇತದ ದಿಕ್ಕನ್ನು ಮಾಹಿತಿ ಕೋಷ್ಟಕದ ಕಾಲಮ್‌ನಲ್ಲಿರುವ ಕೋನದಿಂದಲೇ ತಿರುಗಿಸಬಹುದು. ಸಂಕೇತಗಳ ಎಸ್‌ವಿಜಿ (SVG) ಚಿತ್ರಗಳನ್ನು ಪ್ರಾಜೆಕ್ಟ್ ಫೈಲ್‌ನೊಳಗೇ ಸೇರಿಸದೆ (ಎಂಬೆಡ್ ಮಾಡದೆ) ಕಳಿಸಿದರೆ ಆ ಕಡೆ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣುತ್ತವೆ. ವಿಶ್ಲೇಷಣೆ, ಭೂಸ್ವಾಧೀನದ ನಕ್ಷೆಗಳಿಗೆ ಇದನ್ನೇ ಆರಿಸಿ. ಅಡ್ಡಕೊಯ್ತದ ಹಾಳೆಗಳಿಗೆ ಬೇಡ.