ಅವ್ವನಿಗೆ ಆಂಕೋಟೈಪ್ ಡಿಎಕ್ಸ್ ಟೆಸ್ಟ್ ಮಾಡಿಸಿದೆವು: 5ಕ್ಕೆ 4 ಸ್ಟಾರ್

ನಾವು ಬಾಗಲಕೋಟೆ ನವನಗರದವರು. ಅವ್ವನಿಗೆ 63. ಎದೆಯ ಗಡ್ಡೆಯ ಆಪರೇಷನ್ ಆಗಿತ್ತು, ರಿಪೋರ್ಟಿನಲ್ಲಿ ಮ್ಯೂಸಿನಸ್ ಕಾರ್ಸಿನೋಮಾ ಅಂತ ಬಂತು. ಲೋಳೆಯೊಳಗೆ ಕ್ಯಾನ್ಸರ್ ಕಣಗಳು ತೇಲುವಂಥ ಅಪರೂಪದ ಬಗೆ ಇದು, ವಯಸ್ಸಾದವರಲ್ಲೇ ಜಾಸ್ತಿ, ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ. ಇಆರ್ ಪಾಸಿಟಿವ್ (ಅಂದರೆ ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುವ ಗಡ್ಡೆ), ಹರ್2 ನೆಗೆಟಿವ್ (ಹರ್2 ಅನ್ನುವ ಪ್ರೋಟೀನ್ ಹೆಚ್ಚಿಲ್ಲ), ಬಗಲಿನ ಗಂಟುಗಳಿಗೆ ಹರಡಿರಲಿಲ್ಲ. ಕೀಮೋ ಬೇಕೋ ಬೇಡವೋ ಅನ್ನುವುದೊಂದೇ ಪ್ರಶ್ನೆ. ಬೆಳಗಾವಿಯ ಡಾಕ್ಟರು ಈ ಟೆಸ್ಟ್ ಹೇಳಿದರು.

ಮತ್ತೆ ಸೂಜಿ ಚುಚ್ಚುವುದಿಲ್ಲ, ಅದೇ ದೊಡ್ಡ ಸಮಾಧಾನ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಅಮೆರಿಕದ ಲ್ಯಾಬಿಗೆ ಹೋಗುತ್ತದೆ. "ಅಷ್ಟು ದೂರದಾಗ ಕುಂತವರಿಗೆ ನನ್ನ ಗಡ್ಡಿ ಹೆಂಗ ಗೊತ್ತಾಕ್ಕೈತ್ರಿ?" ಅಂತ ಅವ್ವ ಕೇಳಿದಳು. ಡಾಕ್ಟರು ಕೂತು ಬಿಡಿಸಿ ಹೇಳಿದರು: ಗಡ್ಡೆಯಲ್ಲಿ 21 ಜೀನ್ ಎಷ್ಟು ಚುರುಕಾಗಿವೆ ಅಂತ ಅಳೆಯುತ್ತಾರೆ, 16 ಕ್ಯಾನ್ಸರಿಗೆ ಸಂಬಂಧಿಸಿದವು, 5 ಹೋಲಿಕೆಗೆ, ಅದರಿಂದ 0ಯಿಂದ 100ರೊಳಗೆ ಒಂದು ಸ್ಕೋರ್, ಕಡಿಮೆ ಬಂದಷ್ಟೂ ಕ್ಯಾನ್ಸರ್ ಮರಳುವ ಭಯ ಕಡಿಮೆ. ಅವ್ವನದು 14 ಬಂತು. 2018ರಲ್ಲಿ ಬಂದ ಟೇಲರ್‌ಎಕ್ಸ್ ಅಧ್ಯಯನದಲ್ಲಿ, ಗಂಟಿಗೆ ಹರಡದೆ ಸ್ಕೋರ್ 11ರಿಂದ 25ರೊಳಗಿದ್ದ, 50 ದಾಟಿದ ಹೆಂಗಸರಿಗೆ ಹಾರ್ಮೋನ್ ತಡೆಯುವ ಮಾತ್ರೆಯ ಜೊತೆ ಕೀಮೋ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಕೀಮೋ ಬೇಡ ಅಂದರು. ಅವತ್ತು ಬಸ್ಸಿನಲ್ಲಿ ಅವ್ವ ಊರು ಬರುವ ತನಕ ನನ್ನ ಕೈ ಬಿಡಲಿಲ್ಲ.

ಒಂದು ಮಾತು ಮಾತ್ರ ಎಲ್ಲರೂ ಕೇಳಲೇಬೇಕು. ಆ ಅಧ್ಯಯನದಲ್ಲಿದ್ದವರಲ್ಲಿ ಹೆಚ್ಚಿನವರದು ಹಾಲಿನ ನಾಳದಲ್ಲಿ ಶುರುವಾಗುವ ಸಾಮಾನ್ಯ ಡಕ್ಟಲ್ ಬಗೆ. ನಮ್ಮಂಥ ಅಪರೂಪದ ಬಗೆಯವರು ಕಡಿಮೆ. ಅದಕ್ಕೇ ನಮ್ಮ ಡಾಕ್ಟರು ಬರೀ ಸ್ಕೋರ್ ನೋಡಿ ಹೇಳಲಿಲ್ಲ, ಪೂರ್ತಿ ಗಡ್ಡೆ ಮ್ಯೂಸಿನಸ್ಸೇನಾ, ಬೇರೆ ಬಗೆ ಬೆರೆತಿದೆಯಾ ಅಂತ ಸ್ಲೈಡನ್ನು ಇನ್ನೊಮ್ಮೆ ಓದಿಸಿದರು. ಇದು ನನಗೆ ತುಂಬಾ ಹಿಡಿಸಿತು. ಮೆಟಾಪ್ಲಾಸ್ಟಿಕ್ ಅನ್ನುವ ಇನ್ನೊಂದು ಅಪರೂಪದ ಬಗೆ ಬಹುಪಾಲು ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಪರೀಕ್ಷೆ, ಹರ್2 ಮೂರೂ ನೆಗೆಟಿವ್), ಅಂಥವರಿಗೆ ಈ ಟೆಸ್ಟ್ ಅಲ್ಲವೇ ಅಲ್ಲ, ಸುಮ್ನೆ ದುಡ್ಡು ಹಾಕಬೇಡಿ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಬೆಲೆಗೆ. ಲಕ್ಷಗಳ ಮಾತು, ಅಕ್ಕ ಬಂಗಾರ ಅಡ ಇಟ್ಟಳು. ಬೆಂಗಳೂರಿನ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಅನ್ನುವ ಟೆಸ್ಟ್ ಇದಕ್ಕಿಂತ ಕಡಿಮೆಗೆ ಆಗುತ್ತದೆ. ಅದು ಜೀನ್ ಅಲ್ಲ, 5 ಪ್ರೋಟೀನ್ ನೋಡುತ್ತದೆ. ಅದರ ಬಗ್ಗೆಯೂ ಡಾಕ್ಟರನ್ನು ಕೇಳಿ.

ಇನ್ನು ಬ್ಲಾಕಿನ ಕಥೆ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಬ್ಲಾಕ್ ಕೊಡಲು ಹನ್ನೊಂದು ದಿನ ಅಲೆದಾಡಿಸಿದರು, ಅದು ಟೆಸ್ಟಿನವರ ತಪ್ಪಲ್ಲ. ಡಿಸ್ಚಾರ್ಜ್ ದಿನವೇ ಬ್ಲಾಕಿಗೆ ಅರ್ಜಿ ಬರೆದುಕೊಡಿ, ನಂಬರ್ ರಿಪೋರ್ಟಿನ ಜೊತೆ ತಾಳೆ ನೋಡಿ.

ಈಗ ಅವ್ವನಿಗೆ ದಿನಕ್ಕೊಂದು ಲೆಟ್ರೋಜೋಲ್ ಅನ್ನುವ ಹಾರ್ಮೋನ್ ತಡೆಯುವ ಮಾತ್ರೆ, ಐದು ವರ್ಷ. ಬೆಳಿಗ್ಗೆ ಬೆರಳ ಕೀಲು ಹಿಡಿದುಕೊಳ್ಳುತ್ತವೆ, ರೊಟ್ಟಿ ಬಡಿಯಲು ಸ್ವಲ್ಪ ತಡ. ಆದರೂ ಬಡಿಯುತ್ತಾಳೆ.